ಜೇನ್ ಕೋಲ್ಡನಳೂ ಪತ್ರಗಳ ವಿದ್ವನ್ಮಂಡಲಿಯೂ

ಸಸ್ಯಪಾಠದ ವೇಳೆಯಲ್ಲಿ ಹೂವನ್ನು ಬಿಡಿಸಿ ಕೇಸರಗಳನ್ನು ಎಣಿಸಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ಲಿನೇಯಸ್ ಪಂಡಿತನ ಹೆಸರನ್ನು ಮರೆತಿರಲಾರರು. ಸ್ವೀಡನ್ ದೇಶದ ಉಪ್ಸಾಲದಲ್ಲಿದ್ದ ಈತನು ಲೋಕದ ಗಿಡಗಳನ್ನೆಲ್ಲಾ ತಾನೇ ಅಲೆದು ಕಂಡವನಲ್ಲ. ಎಷ್ಟೋ ಗಿಡಗಳು ಬೀಜಗಳಾಗಿಯೂ ಒಣಗಿದ ರೆಂಬೆಗಳಾಗಿಯೂ ಬರಿಯ ವರ್ಣನೆಗಳಾಗಿಯೂ ಪತ್ರಗಳೊಡನೆ ಆತನ ಬಳಿಗೆ ಬಂದವು. ಲಂಡನಿನ ಬಟ್ಟೆಯ ವರ್ತಕನಾದ ಪೀಟರ್ ಕಾಲಿನ್ಸನ್, ಲೈಡನಿನ ಗ್ರೊನೋವಿಯಸ್, ಅಮೇರಿಕದ ಚಾರ್ಲ್ಸ್‌ಟನ್ನಿನ ವೈದ್ಯನಾದ ಅಲೆಕ್ಸಾಂಡರ್ ಗಾರ್ಡನ್ ಮೊದಲಾದವರು ಈ ಮಂಡಲಿಯವರು. ಪತ್ರಗಳು ಹಾಯಿಹಡಗಿನಲ್ಲಿ ಸಾಗರವನ್ನು ದಾಟಬೇಕಾಗಿತ್ತು. 1756ರಲ್ಲಿ ಯುದ್ಧವು ಮೊದಲಾದ ಮೇಲೆ ಅವು ಶತ್ರುಗಳ ಕೈಗೆ ಬೀಳುವ ಭಯವೂ ಇತ್ತು.

ಈ ಮಂಡಲಿಯಲ್ಲಿ ಸ್ಥಾನವನ್ನು ಪಡೆದ ಒಬ್ಬ ಕನ್ಯೆಯ ವಿಷಯವನ್ನು ಇಲ್ಲಿ ಹೇಳುತ್ತೇವೆ. ಜೇನ್ ಕೋಲ್ಡನ್ ಹುಟ್ಟಿದ್ದು 1724ರಲ್ಲಿ. ಬೆಳೆದದ್ದು ನ್ಯೂಯಾರ್ಕ್ ಪ್ರಾಂತದ ಹಳ್ಳಿಗಾಡಿನಲ್ಲಿ. ಆಕೆಯ ತಂದೆಯಾದ ಕ್ಯಾಡ್ವಾಲಡರ್ ಕೋಲ್ಡನನು ವೈದ್ಯನೂ ಸರಕಾರದ ಅಧಿಕಾರಿಯೂ ಆಗಿದ್ದು, ಲಿನೇಯಸನ ಕ್ರಮವನ್ನು ಚೆನ್ನಾಗಿ ಬಲ್ಲವನಾಗಿದ್ದನು. ಆ ಶಾಸ್ತ್ರವೆಲ್ಲವೂ ಲ್ಯಾಟಿನ್ ಭಾಷೆಯಲ್ಲಿತ್ತು. ಮಗಳಿಗೆ ಲ್ಯಾಟಿನ್ ಬಾರದು. ಆದಕಾರಣ ತಂದೆಯು ಪಾರಿಭಾಷಿಕ ಶಬ್ದಗಳನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆದುಕೊಟ್ಟು, ತನ್ನ ಮಗಳ ಕೆಲಸವನ್ನು ಕುರಿತು 1755ರಲ್ಲಿ ಗ್ರೊನೋವಿಯಸನಿಗೆ ಅಭಿಮಾನದಿಂದ ತಿಳಿಸಿದನು. ಲ್ಯಾಟಿನನ್ನೇ ಕಲಿಸಿದ್ದರೆ ಆಗುತ್ತಿರಲಿಲ್ಲವೇ ಎಂದು ನಮಗೆ ತೋರುತ್ತದೆ.

ಆಕೆಯು ಗಿಡಗಳನ್ನು ಕೂಡಿಸಿ, ಎಲೆಗೆ ಅಚ್ಚಿನ ಮಸಿಯನ್ನು ಹಚ್ಚಿ, ಕಾಗದದ ಮೇಲೆ ಒತ್ತಿ ಅದರ ನರನರವನ್ನೂ ಮೂಡಿಸುತ್ತಿದ್ದಳು. ಹಳ್ಳಿಯವರಿಂದಲೂ ಆ ನಾಡಿನ ಮೂಲನಿವಾಸಿಗಳಿಂದಲೂ ಕೇಳಿದ ಔಷಧಗುಣಗಳನ್ನು ಪಕ್ಕದಲ್ಲಿ ಬರೆಯುತ್ತಿದ್ದಳು. ಹೀಗೆ ಸುಮಾರು 340 ಗಿಡಗಳ ವರ್ಣನೆ ಸಿದ್ಧವಾಯಿತು. (ಅಮೇರಿಕದಲ್ಲಿ ತಾನು ತಿಂದ ಚೀಸುಗಳಲ್ಲಿ ಆಕೆ ಮಾಡಿದ್ದೇ ಅತ್ಯುತ್ತಮವೆಂದು ಆ ಮನೆಗೆ ಬಂದ ಅತಿಥಿಯೊಬ್ಬನು ಬರೆದಿದ್ದಾನೆ.)

ಆ ಗಿಡಗಳಲ್ಲಿ ಮೂರೆಲೆಯ ಒಂದು ಚಿಕ್ಕ ಗಿಡವಿತ್ತು. ಅದರ ಬೇರು ಚಿನ್ನದ ನೂಲಿನಂತಿರುವುದು. ಇದು ಬೇರೆಯೇ ಒಂದು ಕುಲವೆಂದು ಜೇನಳು ನಿರ್ಣಯಿಸಿದಳು. 1758ರಲ್ಲಿ ಲಂಡನಿನ ಜಾನ್ ಎಲಿಸನು ಲಿನೇಯಸನಿಗೆ ಪತ್ರವನ್ನು ಬರೆದು, ಈ ಗಿಡಕ್ಕೆ ಆಕೆಯ ಹೆಸರನ್ನಿಡಬೇಕೆಂದು ಕೇಳಿಕೊಂಡನು. ಲಿನೇಯಸನು ಒಪ್ಪದೆ, ಅದನ್ನು ಹೆಲ್ಲೆಬೋರಸ್ ಎಂಬ ಹಳೆಯ ಕುಲದಲ್ಲಿಯೇ ಸೇರಿಸಿದನು. ಮುಂದೆ 1807ರಲ್ಲಿ ಸಾಲಿಸ್ಬರಿ ಎಂಬವನು ಅದನ್ನು ಬೇರ್ಪಡಿಸಿ ಕೋಪ್ಟಿಸ್ ಎಂದು ಹೆಸರಿಟ್ಟನು. ಜೇನಳ ನಿರ್ಣಯವೇ ಸರಿಯಾಗಿತ್ತು. ಹೆಸರು ಮಾತ್ರ ಆಕೆಯದಾಗಲಿಲ್ಲ.

ತಂದೆಯ ಹೆಸರನ್ನಾದರೋ ಲಿನೇಯಸನು ಮೊದಲೇ ಕೋಲ್ಡೇನಿಯ ಎಂಬ ಕುಲಕ್ಕೆ ಕೊಟ್ಟಿದ್ದನು. ಅದು ನಮ್ಮ ನಾಡಿನದೇ ಗಿಡ. ನೀರು ಬತ್ತಿದ ಕೆರೆಯಂಗಳದಲ್ಲಿ ನೆಲಕ್ಕಂಟಿಕೊಂಡು ಹರಡುವ, ಸುಕ್ಕುಗಟ್ಟಿದ ಚಿಕ್ಕ ಎಲೆಗಳ ಕಳೆಯನ್ನು ನಮ್ಮ ವಾಚಕಿಯರು ತುಳಿದು ದಾಟಿರಬಹುದು. ಜೇನಳು ಇನ್ನೊಂದು ಗಿಡಕ್ಕೆ ಡಾಕ್ಟರ್ ಗಾರ್ಡನನ ಗೌರವಾರ್ಥವಾಗಿ ಗಾರ್ಡೀನಿಯ ಎಂದು ಹೆಸರಿಟ್ಟಿದ್ದಳು. ಅದೂ ನಿಲ್ಲಲಿಲ್ಲ, ಈಗ ತೋಟಗಳಲ್ಲಿ ಆ ಹೆಸರಿನಿಂದ ಬೆಳೆಯುವ ಬಿಳಿಯ ಪರಿಮಳದ ಹೂವು ಬೇರೆ.

1759ರಲ್ಲಿ ಆಕೆಗೆ ವಿವಾಹವಾಯಿತು. ಆ ಬಳಿಕ ಆಕೆ ಸಸ್ಯಗಳ ವಿಷಯವಾಗಿ ಬರೆದದ್ದೇನೂ ದೊರೆತಿಲ್ಲ. ಹಸ್ತಪ್ರತಿಯು ಅಮೇರಿಕದ ಸ್ವಾತಂತ್ರ್ಯಯುದ್ಧದ ಕಾಲದಲ್ಲಿ ಜರ್ಮನ್ ಸೇನಾಧಿಕಾರಿಯೊಬ್ಬನ ಕೈಸೇರಿ, ಮುಂದೆ ಲಂಡನಿಗೆ ಹೋಗಿ, ಅಲ್ಲಿಯ ಪ್ರಕೃತಿವಿಜ್ಞಾನದ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ. 1963ರಲ್ಲಿ ಆಕೆಯ ಊರ ಕಡೆಯ ತೋಟಗಾರಿಕೆಯ ಸಂಘದವರು ಅದರೊಳಗಿಂದ 57 ವರ್ಣನೆಗಳನ್ನು ಆರಿಸಿ ಅಚ್ಚು ಹಾಕಿಸಿದರು.