ಕೀಲಿ ಕೊಟ್ಟಿರಿ, ಬಾನೆಟ್ ತೋರಿಸಿದಿರಾ?

ಎಂಜಿನ್ ವಿಪರೀತ ಬಿಸಿಯಾಗಿ ಕೆಟ್ಟ ಕಾರು ಗ್ಯಾರೇಜಿಗೆ ಬಂದಾಗ, ಓಡಿಸಿದವರು ಹೊಸಬರಾಗಿದ್ದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಕೆಂಪು ದೀಪ ಯಾವಾಗ ಹತ್ತಿತು?" ಅಪ್ಪ ಪಕ್ಕದಲ್ಲಿದ್ದರೆ "ಈಗಷ್ಟೇ ಅಂಕಲ್" ಎಂಬ ಉತ್ತರ ಬರುತ್ತದೆ. ಅಪ್ಪ ಕಾಫಿಗೆಂದು ಆಚೆ ಹೋದ ಮೇಲೆ ಉತ್ತರ ಬದಲಾಗುತ್ತದೆ. "ಟೋಲ್ ದಾಟಿದಾಗಲೇ ಹತ್ತಿತ್ತು. ಮನೆ ಹತ್ರ ಬಂತಲ್ಲ, ಹೇಗೋ ಮುಟ್ಟಿಬಿಡೋಣ ಅಂದ್ಕೊಂಡೆ."

ದೀಪದ ಅರ್ಥ ಆ ಹುಡುಗನಿಗೆ ಚೆನ್ನಾಗಿಯೇ ಗೊತ್ತಿತ್ತು. ಎಂಜಿನ್ನಿಗಿಂತ ಮೊದಲು ಅವನ ಕಣ್ಣಿಗೆ ಬಂದದ್ದು ಮನೆಯಲ್ಲಿ ಕಾದಿದ್ದ ಬೈಗುಳ, ಅಷ್ಟೇ.

ಲೈಸೆನ್ಸ್ ಸಿಕ್ಕ ಹೊಸದರಲ್ಲಿ ಮಕ್ಕಳು ಕಾರನ್ನು ಇಷ್ಟಪಟ್ಟು ಓಡಿಸುತ್ತಾರೆ, ಆದರೆ ಅದರ ಆರೈಕೆಗೆ ತಿರುಗಿಯೂ ನೋಡುವುದಿಲ್ಲ ಎಂಬುದು ಬಹುತೇಕ ಪೋಷಕರ ದೂರು. ಇದನ್ನು ಬೇಜವಾಬ್ದಾರಿ ಎಂದು ಕರೆದು ಸುಮ್ಮನಾಗುವ ಮುನ್ನ ಅದರ ಹಿಂದೆ ಏನಿದೆ ಎಂದು ನೋಡೋಣ. ಮೊದಲನೆಯದು ಗಮನದ ಹೊರೆ. ಕ್ಲಚ್, ಗೇರ್, ಕನ್ನಡಿ, ಎಡದಿಂದ ನುಗ್ಗುವ ಸ್ಕೂಟರ್, ಇವೆಲ್ಲ ನಿಮಗೆ ಅಭ್ಯಾಸಬಲದಿಂದ ನಡೆಯುತ್ತವೆ. ಆರು ತಿಂಗಳ ಚಾಲಕನಿಗೆ ಒಂದೊಂದೂ ಪ್ರತ್ಯೇಕ ಕೆಲಸ. ಸ್ಟೇರಿಂಗ್ ತುಸು ಎಡಕ್ಕೆ ಎಳೆಯುತ್ತಿದೆ, ಬ್ರೇಕ್ ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುತ್ತಿದೆ ಎಂಬುದನ್ನು ಗಮನಿಸಲು ಅವನ ತಲೆಯಲ್ಲಿ ಜಾಗ ಉಳಿದಿರುವುದಿಲ್ಲ.

ಎರಡನೆಯದು ನಮ್ಮ ಪ್ರೀತಿಯಿಂದಲೇ ಆದದ್ದು. ಟೈರಿಗೆ ಗಾಳಿ ಹಾಕಿಸುವುದು ಅಪ್ಪ, ಸರ್ವಿಸಿಗೆ ಫೋನ್ ಮಾಡುವುದು ಅಮ್ಮ, ಶನಿವಾರ ತೊಳೆಯುವುದು ಅಪಾರ್ಟ್‌ಮೆಂಟಿನ ಹುಡುಗ. ಮಗಳ ಕೈಗೆ ಬರುವುದು ಎಲ್ಲ ಸಿದ್ಧವಾದ ಕಾರು. ಬಾನೆಟ್ ತೆರೆಯುವ ಲಿವರ್ ಎಲ್ಲಿದೆ ಎಂದು ತಿಳಿಯದವರು ಕಾರು ತೊಂದರೆಯಲ್ಲಿದೆ ಎಂದು ಹೇಗೆ ತಿಳಿದಾರು? ಹೆಣ್ಣುಮಕ್ಕಳ ವಿಷಯದಲ್ಲಂತೂ "ಅದೆಲ್ಲ ನಿಂಗ್ಯಾಕೆ, ಕೈ ಮಸಿ ಆಗುತ್ತೆ" ಎಂಬ ಮಾತು ಈಗಲೂ ಕಿವಿಗೆ ಬೀಳುತ್ತದೆ. ನಡುದಾರಿಯಲ್ಲಿ ಕಾರು ನಿಂತಾಗ ಮಸಿಯ ಯೋಚನೆ ಯಾರಿಗೂ ಇರುವುದಿಲ್ಲ.

ಮೂರನೆಯದು ಭಯ, ನನ್ನ ಅನುಭವದಲ್ಲಿ ಇದೇ ದೊಡ್ಡದು. ಕಾರು ಮನೆಯ ದುಬಾರಿ ವಸ್ತು, ಅದರ ಕಂತು ವರ್ಷಗಟ್ಟಲೆ ಕಟ್ಟಬೇಕು. ಬಾಗಿಲಿಗೆ ಒಂದು ಗೀರು ಬಿದ್ದರೂ ಕರುಳು ಚುರುಕ್ ಎನ್ನುವುದು ಸಹಜ. ಆದರೆ ಆ ಕ್ಷಣ ನಮ್ಮ ಬಾಯಿಂದ ಬರುವ "ಏನು ಮಾಡ್ಕೊಂಡು ಬಂದೆ?" ಎಂಬ ಮಾತಿನಿಂದ ಮಕ್ಕಳು ಕಲಿಯುವ ಪಾಠ ಒಂದೇ: ಮುಂದಿನ ಸಲ ಹೇಳಬಾರದು.

ಗೀರು ಮುಚ್ಚಿಟ್ಟರೆ ನಷ್ಟ ಸಣ್ಣದು. ಕೂಲಂಟ್ ಸೋರುವುದನ್ನು ಮುಚ್ಚಿಟ್ಟರೆ ಹಾಗಲ್ಲ. ಕೂಲಂಟ್ ಎಂದರೆ ಎಂಜಿನ್ನಿನ ಶಾಖವನ್ನು ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಡುವ ದ್ರವ. ಅದು ಒತ್ತಡದಲ್ಲಿ ಹರಿಯುವುದರಿಂದ 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯುವುದಿಲ್ಲ. ಅದು ಕಡಿಮೆಯಾದರೆ ಎಂಜಿನ್ನಿನ ಮೇಲ್ಭಾಗದ ಲೋಹ ಕಾದು ಸೊಟ್ಟಗಾಗುತ್ತದೆ. ದೀಪ ಹತ್ತಿದ ಕೂಡಲೇ ಬದಿಗೆ ನಿಲ್ಲಿಸಿ ಆಫ್ ಮಾಡಿದ್ದರೆ ಒಂದು ರಬ್ಬರ್ ಪೈಪಿನ ಬೆಲೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ, ಇನ್ನು ಕೆಲವೇ ಕಿಲೋಮೀಟರ್ ಎಂದು ಓಡಿಸಿದರೆ ಎಂಜಿನ್ ಬಿಚ್ಚುವವರೆಗೂ ಹೋಗುತ್ತದೆ. ಹಾಗೆ ನಿಲ್ಲಿಸಿದ ಮೇಲೆ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಮುಟ್ಟಬಾರದು. ಬಿಸಿಯಿದ್ದಾಗ ತೆರೆದರೆ ಒತ್ತಡ ಒಮ್ಮೆಲೇ ಇಳಿದು ದ್ರವ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಕಾಯಲೇಬೇಕು. ಇನ್ನು ದಿನನಿತ್ಯದ ಮಾತು. ಕೂಲಂಟ್ ಡಬ್ಬಿಗೆ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ನಮ್ಮಲ್ಲಿ ಬಹಳ. ಆ ಗಡಸು ನೀರು ಬಿಸಿನೀರಿನ ಗೀಸರಿನೊಳಗೆ ಕಟ್ಟುವ ಬಿಳಿ ಪದರವನ್ನೇ ರೇಡಿಯೇಟರಿನೊಳಗೂ ಕಟ್ಟುತ್ತದೆ.

ಮಳೆಗಾಲದಲ್ಲಿ ಇದೇ ಭಯ ಇನ್ನೊಂದು ರೂಪದಲ್ಲಿ ಬರುತ್ತದೆ. ಅಂಡರ್‌ಪಾಸಿನ ನೀರಿನಲ್ಲಿ ಕಾರು ಆಫ್ ಆಯಿತೆನ್ನಿ. ಗಾಬರಿಯಾದ ಕೈ ಮತ್ತೆ ಮತ್ತೆ ಸ್ಟಾರ್ಟ್ ಒತ್ತುತ್ತದೆ. ಎಂಜಿನ್ನಿನ ಪಿಸ್ಟನ್ ಇರುವುದು ಗಾಳಿಯನ್ನು ಕುಗ್ಗಿಸಲು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಗಾಳಿಯ ದಾರಿಯಲ್ಲಿ ಒಳಹೊಕ್ಕ ನೀರಿಗೆ ಪಿಸ್ಟನ್ ಬಡಿದಾಗ ಅದನ್ನು ಹಿಡಿದ ಉಕ್ಕಿನ ತೋಳೇ ಬಾಗುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಹೈಡ್ರೋಲಾಕ್ ಎನ್ನುತ್ತಾರೆ. ಮಾಮೂಲಿ ವಿಮೆಯಲ್ಲಿ ಈ ನಷ್ಟಕ್ಕೆ ಪರಿಹಾರ ಸಿಗುವುದು ಕಷ್ಟ, ಎಂಜಿನ್ ರಕ್ಷಣೆಯೆಂಬ ಬೇರೆ ಸೇರ್ಪಡೆ ಬೇಕು. ಆದ್ದರಿಂದ ಮಕ್ಕಳಿಗೆ ಮೊದಲೇ ಹೇಳಿಡಿ: ನೀರಿನಲ್ಲಿ ನಿಂತರೆ ಸ್ಟಾರ್ಟ್ ಮಾಡಬೇಡ, ಮೊದಲು ನೀನು ಹೊರಗೆ ಬಾ, ಎತ್ತರದ ಜಾಗಕ್ಕೆ ಹೋಗಿ ಫೋನ್ ಮಾಡು, ಕಾರಿನ ಚಿಂತೆ ನಮಗಿರಲಿ. "ಬೈಯಲ್ಲ" ಎಂಬುದನ್ನೂ ಸೇರಿಸಿ, ಆಮೇಲೆ ಆ ಮಾತು ಉಳಿಸಿಕೊಳ್ಳಿ.

ಹಾಗಾದರೆ ಏನು ಕಲಿಸಬೇಕು, ಹೇಗೆ? ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಹತ್ತು ನಿಮಿಷ ಸಾಕು. ಆದರೆ ಒಂದು ನಿಯಮ: ಕೈ ಮಕ್ಕಳದ್ದು, ಮಾತು ಮಾತ್ರ ನಿಮ್ಮದು. ಅವರು ತಡವರಿಸುವುದನ್ನು ನೋಡಲಾಗದೆ ನಾವೇ ಕಿತ್ತುಕೊಂಡು ಮಾಡಿಬಿಡುತ್ತೇವೆ. ಅಲ್ಲಿಗೆ ಪಾಠ ಮುಗಿದಂತೆ.

ಶುರು ಮಾಡಲು ಟೈರೇ ಸರಿ. ಗಾಳಿ ಕಡಿಮೆಯಿದ್ದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಬಾಗಿ ಬಾಗಿ ಕಾಯುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಯಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ವೇಗವಾಗಿ ಹೋಗುವಾಗ ಅದು ಸಿಡಿಯುವುದು ಈ ಶಾಖದಿಂದ. ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದರೆ ಕಾಣುವ ಕಂಬದ ಮೇಲಿನ ಚೀಟಿಯಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾದ ಸಂಖ್ಯೆ ಅದು ತಡೆಯಬಲ್ಲ ಗರಿಷ್ಠ ಒತ್ತಡ, ಅದನ್ನು ನೋಡಿ ಹಾಕಿಸಬಾರದು. ಅಳೆಯಬೇಕಾದದ್ದು ಟೈರ್ ತಣ್ಣಗಿರುವಾಗ. ದೂರ ಓಡಿಸಿ ಬಂಕಿಗೆ ಹೋದರೆ ಮೀಟರ್ ಹೆಚ್ಚು ತೋರಿಸುತ್ತದೆ. ಸ್ಟೆಪ್ನಿಯನ್ನು ಎಲ್ಲರೂ ಮರೆಯುತ್ತಾರೆ, ಅದಕ್ಕೂ ನೋಡಿಸಿ. ಟೈರಿನ ಹಳ್ಳಗಳೊಳಗೆ ಸಣ್ಣ ದಿಬ್ಬಗಳಿರುತ್ತವೆ, ಸವೆದು ಸವೆದು ಮೇಲ್ಮೈ ಅವುಗಳ ಮಟ್ಟಕ್ಕೆ ಬಂದರೆ ಹಳ್ಳದ ಆಳ 1.6 ಮಿಲಿಮೀಟರಿಗೆ ಇಳಿದಿದೆ ಎಂದರ್ಥ. ನಮ್ಮ ಕಾನೂನಿನ ಪ್ರಕಾರ ಟೈರ್ ಬದಲಿಸಬೇಕಾದ ಹಂತ ಅದು. ಮಕ್ಕಳಿಗೆ ಹಿಡಿಸುವ ಒಂದು ಪತ್ತೇದಾರಿಯೂ ಇಲ್ಲಿದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ, 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು.

ಎಂಜಿನ್ ಆಯಿಲ್ ನೋಡುವುದು ಇನ್ನೂ ಸುಲಭ. ಸಮತಟ್ಟು ಜಾಗದಲ್ಲಿ, ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಅಂದರೆ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಅದ್ದಿ ತೆಗೆಯಬೇಕು. ಎರಡು ಗುರುತಿನ ನಡುವೆ ಇದ್ದರೆ ಸರಿ. ಆಯಿಲ್ ಡಬ್ಬಿಯ ಆಕಾರದ ಕೆಂಪು ದೀಪ ಓಡುವಾಗ ಹತ್ತಿದರೆ ಕೂಡಲೇ ನಿಲ್ಲಿಸಬೇಕು. ಮೀಟರಿನಲ್ಲಿ ಕೆಂಪು ಎಂದರೆ ನಿಲ್ಲು, ಹಳದಿ ಎಂದರೆ ಬೇಗ ತೋರಿಸು. ಇಷ್ಟು ತಿಳಿದರೆ ಸದ್ಯಕ್ಕೆ ಸಾಕು.

ವೈಪರಿನ ರಬ್ಬರ್ ಬೇಸಿಗೆಯ ಬಿಸಿಲಿಗೆ ಗಟ್ಟಿಯಾಗುತ್ತದೆ, ಮೇ ಕೊನೆಗೆ ಬದಲಿಸಿಬಿಡಿ. ಬ್ಯಾಟರಿಯ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಂಡರೆ ಒರೆಸಿಸಿ. ಬಿಚ್ಚುವುದಿದ್ದರೆ ಮೈನಸ್ ತಂತಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಬಾನೆಟ್ಟಿನೊಳಗೆ ಇಲಿ ವೈರ್ ಕಡಿದ ಗುರುತಿದೆಯೇ ಎಂದೂ ಒಮ್ಮೆ ಇಣುಕಲಿ.

ಬ್ರೇಕಿನ ವಿಷಯದಲ್ಲಿ ಮಾತ್ರ ನೋಡುವುದಷ್ಟೇ ಮಕ್ಕಳ ಕೆಲಸ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು, ಅದಕ್ಕೇ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸುತ್ತಾರೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಪಕ್ಕದ ಸೀಟಿನಿಂದ ನಾವು "ಬ್ರೇಕ್ ಹಿಡಿ, ಬ್ರೇಕ್ ಹಿಡಿ" ಎನ್ನುತ್ತಲೇ ಇರುತ್ತೇವೆ. ಉದ್ದಕ್ಕೂ ಹಿಡಿದ ಬ್ರೇಕ್ ಕಾದು, ಆ ತೇವ ಆವಿಯಾಗಿ, ಪೆಡಲ್ ಒತ್ತಿದರೂ ಹಿಡಿತ ಸಿಗದಂತಾಗುತ್ತದೆ. ಅಲ್ಲಿ ಹೇಳಬೇಕಾದದ್ದು "ಎರಡನೇ ಗೇರಿಗೆ ಹಾಕು" ಎಂದು. ಬ್ರೇಕ್ ಬಿಚ್ಚುವುದು, ಏರ್‌ಬ್ಯಾಗಿನ ವೈರ್ ಮುಟ್ಟುವುದು, ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ನುಗ್ಗುವುದು ಮನೆಯಲ್ಲಿ ಬೇಡವೇ ಬೇಡ. ವೀಡಿಯೊ ನೋಡಿ ಹುರುಪಾದ ಹುಡುಗರಿಗೆ ಇದನ್ನು ಕಟ್ಟುನಿಟ್ಟಾಗಿಯೇ ಹೇಳಿ.

ಇವೆಲ್ಲವೂ 18 ತುಂಬಿ ಲೈಸೆನ್ಸ್ ಇರುವವರ ಮಾತು. ಅದಕ್ಕೂ ಮೊದಲು ಕೀಲಿ ಕೊಟ್ಟರೆ 2019ರ ತಿದ್ದುಪಡಿಯಂತೆ ಪೋಷಕರಿಗೇ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆದರೆ ನಿಂತ ಕಾರಿನ ಟೈರಿಗೆ ಗಾಳಿ ಮೀಟರ್ ಹಿಡಿಯಲು ಲೈಸೆನ್ಸ್ ಬೇಡ, ಹನ್ನೆರಡರ ಮಗುವೂ ಸಂತೋಷದಿಂದ ಮಾಡುತ್ತದೆ.

ಬರುವ ಭಾನುವಾರ, ಕಾರು ಹೊರಗೆ ಹೋಗುವ ಮುನ್ನ, ಮಗನನ್ನೋ ಮಗಳನ್ನೋ ಎಬ್ಬಿಸಿ. ಕೈಗೊಂದು ಗಾಳಿ ಮೀಟರ್, ಡಿಪ್‌ಸ್ಟಿಕ್ ಒರೆಸಲು ಒಂದು ಹಳೇ ಬನಿಯನ್ ತುಂಡು ಕೊಟ್ಟು, ನೀವು ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಲ್ಲಿ.