ಕ್ಯಾಸ್ಪಿಯನ್ ಸಮುದ್ರ: ಒಡಂಬಡಿಕೆ ಮತ್ತು ರಾಷ್ಟ್ರೀಯ ನೀತಿ

ಕ್ಯಾಸ್ಪಿಯನ್ ಸಮುದ್ರವನ್ನು ರಷ್ಯಾ, ಕಜಕಿಸ್ತಾನ, ತುರ್ಕಮೆನಿಸ್ತಾನ, ಇರಾನ್ ಹಾಗೂ ಅಜರ್‌ಬೈಜಾನ್ ಹಂಚಿಕೊಂಡಿವೆ. ಅದರ ಪರಿಸರ ರಕ್ಷಣೆಗಾಗಿ ಈ ಐದು ರಾಷ್ಟ್ರಗಳು 2003ರಲ್ಲಿ ಸಹಿ ಮಾಡಿದ ಟೆಹರಾನ್ ಒಡಂಬಡಿಕೆಯು 2006ರಲ್ಲಿ ಜಾರಿಗೆ ಬಂದಿತು. ಸಮುದ್ರದ ಕಾನೂನಾತ್ಮಕ ಸ್ಥಾನಮಾನ ಕುರಿತ ಒಪ್ಪಂದಕ್ಕೆ ಅವು ಸಹಿ ಮಾಡಿದ್ದು 2018ರಲ್ಲಿ. ಒಡೆತನದ ಪ್ರಶ್ನೆ ಇತ್ಯರ್ಥವಾಗುವ ಮೊದಲೇ ಪರಿಸರದ ವಿಷಯದಲ್ಲಿ ಸಹಮತ ಮೂಡಿತೆಂಬುದು ಗಮನಾರ್ಹ.

ಆದರೆ ಈ ಸಹಮತಕ್ಕೆ ಮಿತಿಯೂ ಉಂಟು. ಸಮುದ್ರ ಸೇರುವ ನದಿನೀರಿನಲ್ಲಿ ಸುಮಾರು ಶೇ. 80 ಭಾಗ ವೋಲ್ಗಾ ನದಿಯದು. ಆ ನದಿಯ ಅಣೆಕಟ್ಟುಗಳು ರಷ್ಯಾದ ಆಡಳಿತಕ್ಕೆ ಒಳಪಟ್ಟಿವೆ. ತಾಪಮಾನದ ಏರಿಕೆಯಿಂದ ಆವಿಯಾಗುವಿಕೆ ಹೆಚ್ಚಿ, 1990ರ ದಶಕದ ಮಧ್ಯಭಾಗದಿಂದ ಸಮುದ್ರದ ಮಟ್ಟ ಇಳಿಯುತ್ತಿದೆ. ಆಳವಿಲ್ಲದ ಉತ್ತರ ಭಾಗ ಬತ್ತಿದಂತೆಲ್ಲ ಕ್ಯಾಸ್ಪಿಯನ್ ಸೀಲ್‌ಗಳ ನೆಲೆಯೂ ಕುಗ್ಗುತ್ತದೆ. ಆದ್ದರಿಂದ, ಒಳನಾಡಿನ ಜಲನೀತಿಯಲ್ಲಿ ಪ್ರತಿಫಲಿಸದ ಪ್ರಾದೇಶಿಕ ಸಹಕಾರವು ಸಮುದ್ರವನ್ನು ಕಾಯಲಾರದು.