ರಾತ್ರಿಯ ಆಕಾಶವೂ ವಲಸೆ ಹಕ್ಕಿಗಳ ವಿದ್ಯಾಭ್ಯಾಸವೂ

ಋತುವು ಬದಲಾಗುವಾಗ ಒಂದು ದೇಶವನ್ನು ಬಿಟ್ಟು ಮತ್ತೊಂದು ದೇಶಕ್ಕೆ ಹೋಗುವ ಹಕ್ಕಿಗಳಿಗೆ ವಲಸೆ ಹಕ್ಕಿಗಳೆಂದು ಹೆಸರು. ಇವು ತಮ್ಮ ಕಾಲವನ್ನು ಅರಿತಿರುವ ವಿಷಯವು ಯೆರೆಮೀಯ ಪ್ರವಾದಿಯ ಗ್ರಂಥದ 8ನೆಯ ಅಧ್ಯಾಯದಲ್ಲಿಯೂ ಬಂದಿರುತ್ತದೆ. ಆದರೆ ಪಯಣಕ್ಕೆ ಕಾಲವನ್ನು ಅರಿತರೆ ಸಾಲದು, ದಿಕ್ಕನ್ನೂ ಅರಿಯಬೇಕು. ಅನೇಕ ಸಣ್ಣ ಹಕ್ಕಿಗಳು ರಾತ್ರಿಯಲ್ಲಿಯೇ ಹಾರುವವು. ಕತ್ತಲೆಯಲ್ಲಿ ಅವುಗಳಿಗೆ ದಾರಿ ತಿಳಿಯುವದು ಹೇಗೆ? ಆ ಜ್ಞಾನವು ಹುಟ್ಟಿನಿಂದ ಬಂದದ್ದೋ, ಕಲಿತು ಬಂದದ್ದೋ?

1950ರ ದಶಕದಲ್ಲಿ ಜರ್ಮನಿಯ ಫ್ರಾಂಟ್ಸ್ ಸೌವರ್ ಎಂಬ ಪಂಡಿತರು, ಹಕ್ಕಿಗಳು ನಕ್ಷತ್ರಗಳನ್ನು ನೋಡಿ ದಿಕ್ಕನ್ನು ತಿಳಿಯುವವೆಂದೂ ಆ ಜ್ಞಾನವು ಹುಟ್ಟಿನಿಂದಲೇ ಬಂದುದೆಂದೂ ಅಭಿಪ್ರಾಯಪಟ್ಟರು. ಅನಂತರ ಅಮೇರಿಕದ ಸ್ಟೀಫನ್ ಎಮ್ಲೆನ್ ಎಂಬವರು ಇಂಡಿಗೊ ಬಂಟಿಂಗ್ ಎಂಬ ಹಕ್ಕಿಯನ್ನು ಆರಿಸಿಕೊಂಡು ಇದನ್ನೇ ಪರೀಕ್ಷಿಸಿದರು. ಈ ಹಕ್ಕಿಯ ತೂಕವು ಸುಮಾರು 14 ಗ್ರಾಂ ಮಾತ್ರ. ಇದು ಬೇಸಗೆಯಲ್ಲಿ ಉತ್ತರ ಅಮೇರಿಕದ ಪೂರ್ವಭಾಗದಲ್ಲಿ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣದ ಮೆಕ್ಸಿಕೊ, ಮಧ್ಯ ಅಮೇರಿಕ ಮೊದಲಾದ ಕಡೆಗಳಿಗೆ ಹೋಗುವದು.

ವಲಸೆಯ ಕಾಲ ಬಂದಾಗ ಪಂಜರದ ಹಕ್ಕಿಯೂ ರಾತ್ರಿ ನಿದ್ರಿಸದೆ, ತಾನು ಹೋಗತಕ್ಕ ದಿಕ್ಕಿಗೆ ಹಾರಿ ಹಾರಿ ಬೀಳುವದು. ಎಮ್ಲೆನರು ಇದನ್ನೇ ಉಪಯೋಗಿಸಿಕೊಂಡರು. ಅವರ ಪಂಜರವು ಆಲಿಕೆಯ ಆಕಾರದ್ದು. ತಳದಲ್ಲಿ ಮಸಿಯ ಮೆತ್ತೆ, ಸುತ್ತಲೂ ಒತ್ತುಕಾಗದ, ಮೇಲೆ ತಂತಿಯ ಬಲೆ. ಹಕ್ಕಿಯು ಹಾರಿದ ಕಡೆಯಲ್ಲಿ ಕಾಗದದ ಮೇಲೆ ಮಸಿಯ ಹೆಜ್ಜೆಗಳು ಮೂಡುವವು. ಹೀಗೆ ಹಕ್ಕಿಯು ತನ್ನ ಉತ್ತರವನ್ನು ತಾನೇ ಬರೆದುಕೊಡುವದು.

ಈ ಪಂಜರಗಳನ್ನು ತಾರಾಲಯದೊಳಗೆ ಇಟ್ಟರು. ಅಲ್ಲಿ ಕೃತ್ರಿಮ ಆಕಾಶವನ್ನು ಬೇಕಾದಂತೆ ತಿರುಗಿಸಬಹುದು. ಧ್ರುವನಕ್ಷತ್ರವೊಂದನ್ನು ಮರೆಮಾಡಿದರೂ ಬೆಳೆದ ಹಕ್ಕಿಗಳು ದಾರಿ ತಪ್ಪಲಿಲ್ಲ. ಅವು ನೋಡುತ್ತಿದ್ದುದು ಒಂದೇ ನಕ್ಷತ್ರವನ್ನಲ್ಲ. ಸಪ್ತರ್ಷಿಮಂಡಲವೇ ಮೊದಲಾಗಿ ಧ್ರುವನ ಸುತ್ತಲಿರುವ ನಕ್ಷತ್ರಗಳ ಒಟ್ಟು ವಿನ್ಯಾಸವನ್ನು.

ಇನ್ನು ಮರಿಗಳ ಸಂಗತಿಯನ್ನು ನೋಡೋಣ. ಎಮ್ಲೆನರು ಎಳೆಯ ಮರಿಗಳನ್ನು ಕೈಯಾರೆ ಸಾಕಿ ಮೂರು ಗುಂಪು ಮಾಡಿದರು. ಮೊದಲನೆಯ ಗುಂಪಿಗೆ ನಕ್ಷತ್ರಗಳನ್ನು ತೋರಿಸಲೇ ಇಲ್ಲ. ಎರಡನೆಯದಕ್ಕೆ ಧ್ರುವನ ಸುತ್ತ ತಿರುಗುವ ಸಹಜವಾದ ಆಕಾಶವನ್ನು ತೋರಿಸಿದರು. ಮೂರನೆಯದಕ್ಕೆ ಆರ್ದ್ರಾ ನಕ್ಷತ್ರದ ಸುತ್ತ ತಿರುಗುವ ಆಕಾಶವನ್ನು ತೋರಿಸಿದರು. ಶರತ್ಕಾಲವು ಬಂದಾಗ, ಮೊದಲನೆಯ ಗುಂಪಿನವು ದಿಕ್ಕು ತೋರದೆ ಎಲ್ಲ ಕಡೆಗೂ ಹಾರಿದವು. ಎರಡನೆಯವು ಧ್ರುವನಿಗೆ ಬೆನ್ನುಹಾಕಿ ಸರಿಯಾಗಿ ದಕ್ಷಿಣಕ್ಕೆ ಹೊರಟವು. ಮೂರನೆಯವು ಆರ್ದ್ರೆಯನ್ನೇ ಧ್ರುವನೆಂದು ತಿಳಿದು ಅದಕ್ಕೆ ಬೆನ್ನುಹಾಕಿದವು! ಈ ಫಲವು 1970ರಲ್ಲಿ ಪ್ರಕಟವಾಯಿತು.

ಆದುದರಿಂದ ತಿಳಿದುಬಂದದ್ದೇನಂದರೆ, ಮರಿಯು ನಕ್ಷತ್ರಗಳ ನಕ್ಷೆಯನ್ನು ಹೊತ್ತುಕೊಂಡು ಹುಟ್ಟುವದಿಲ್ಲ. ಆಕಾಶದಲ್ಲಿ ಯಾವ ಭಾಗವು ಕದಲದೆ ನಿಂತಿರುವದೋ ಅದನ್ನು ಹುಡುಕುವ ಸ್ವಭಾವವು ಅದಕ್ಕೆ ಹುಟ್ಟಿನಿಂದ ಬಂದಿದೆ. ಉಳಿದದ್ದನ್ನು ತನ್ನ ಮೊದಲನೆಯ ಬೇಸಗೆಯಲ್ಲಿ ನೋಡಿ ಕಲಿಯಬೇಕು. ಇದರಲ್ಲಿ ದೊಡ್ಡ ವಿವೇಕವಿದೆ. ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಿಗೊಮ್ಮೆ ಸುತ್ತಿಬರುವದರಿಂದ ಧ್ರುವಸ್ಥಾನದ ನಕ್ಷತ್ರವು ಬದಲಾಗುತ್ತಲೇ ಇರುವದು. ಹುಟ್ಟಿನ ನಕ್ಷೆಯು ಹಳತಾಗುವದು. ಕಲಿತ ನಕ್ಷೆಯು ಪ್ರತಿ ತಲೆಮಾರಿಗೂ ಹೊಸದು.

ಆದರೆ ಈ ಪಾಠಶಾಲೆಗೆ ಈಗ ವಿಘ್ನ ಬಂದಿದೆ. ನಗರಗಳ ದೀಪಗಳು ರಾತ್ರಿಯ ಆಕಾಶವನ್ನು ಮಂಕುಮಾಡಿ, ಹಾರುವ ಹಕ್ಕಿಗಳನ್ನು ತಮ್ಮ ಕಡೆಗೆ ಸೆಳೆಯುತ್ತವೆ. 2023ರ ಅಕ್ಟೋಬರ್ ತಿಂಗಳಲ್ಲಿ ಚಿಕಾಗೊ ನಗರದ ಒಂದೇ ಕಟ್ಟಡದ ಗಾಜಿಗೆ ಬಡಿದು ಒಂದೇ ದಿನದಲ್ಲಿ ಸುಮಾರು ಒಂದು ಸಾವಿರ ವಲಸೆ ಹಕ್ಕಿಗಳು ಸತ್ತವು. ವಲಸೆಯ ಕಾಲದಲ್ಲಿ ಬೇಡದ ದೀಪಗಳನ್ನು ಆರಿಸುವದು ಕಷ್ಟವಾದ ಪರಿಹಾರವಲ್ಲ.

ಪ್ರಿಯ ತಂದೆತಾಯಿಗಳೇ, ಸೋದರಿಯರೇ, ಮೂರನೆಯ ಗುಂಪಿನ ಮರಿಗಳಲ್ಲಿ ಬುದ್ಧಿಯ ಕೊರತೆಯಿರಲಿಲ್ಲ; ಅವು ತೋರಿಸಿದ್ದನ್ನೇ ಚೆನ್ನಾಗಿ ಕಲಿತವು. ನಮ್ಮ ಮನೆಯ ಮಕ್ಕಳೂ ಹಾಗೆಯೇ. ಅವರು ಒಂಟಿಯಾಗಿ ಹಾರುವ ದಿನವು ಬರುವ ಮುಂಚೆ, ಕದಲದೆ ನಿಲ್ಲುವಂಥದ್ದು ಯಾವುದೆಂಬದನ್ನು ಅವರ ಕಣ್ಣೆದುರಿಗೆ ಇಡತಕ್ಕವರು ನಾವೇ.